ನಮ್ಮ ಮನೆಯ ನಿತ್ಯಸಂಸಾರಿ

೧೯೫೩ನೆಯ ಇಸವಿಯ ಮಾಘ ಶುದ್ಧ ನವಮಿಯ ಮಧ್ಯಾಹ್ನ, ಜಮಖಂಡಿಯ ಮಠದ ಊಟದ ಪಂಕ್ತಿಯಲ್ಲಿ, ನನ್ನ ಸೋದರಮಾವ ತಾವು ನಿತ್ಯಸಂಸಾರಿ ಎಂದು ಪ್ರಕಟಿಸಿದರು. ಬಡಿಸುವವನ ಕೈಯಲ್ಲಿ ಕಡಲೆಬೇಳೆ ಬೆಲ್ಲದ ಹಯಗ್ರೀವದ ಸೌಟು ಇತ್ತು. ಅದು ಅಲ್ಲೇ ನಿಂತಿತು.

ಇದರಲ್ಲಿ ಸುದ್ದಿ ಏನಿದೆ ಎಂದು ಕೇಳುವವರಿಗೆ ಒಂದೆರಡು ಮಾತು ಹೇಳಬೇಕು. ನಾವು ಮಾಧ್ವರು. ನಮ್ಮ ಮತದಲ್ಲಿ ಜೀವರು ಅನಾದಿ. ಅವರನ್ನು ಯಾರೂ ಹೊಸದಾಗಿ ಮಾಡಿದ್ದಲ್ಲ, ಅವರ ಸ್ವಭಾವವನ್ನು ಯಾರೂ ತಿದ್ದುವಂತಿಲ್ಲ. ಅವರಲ್ಲಿ ಮೂರು ಬಗೆ. ಮುಕ್ತಿಗೆ ಯೋಗ್ಯರಾದವರು ಒಂದಲ್ಲ ಒಂದು ದಿನ ವೈಕುಂಠ ಸೇರುತ್ತಾರೆ. ತಮಸ್ಸಿಗೆ ಯೋಗ್ಯರಾದವರು ಕತ್ತಲೆಗೆ ಹೋಗುತ್ತಾರೆ, ಹೋದವರು ಬರುವುದಿಲ್ಲ. ನಡುವಿನವರು ನಿತ್ಯಸಂಸಾರಿಗಳು. ಅವರು ಎಲ್ಲಿಗೂ ಹೋಗುವುದಿಲ್ಲ. ಹುಟ್ಟುತ್ತಾರೆ, ಸ್ವಲ್ಪ ಸುಖ, ಸ್ವಲ್ಪ ದುಃಖ ಉಣ್ಣುತ್ತಾರೆ, ಸಾಯುತ್ತಾರೆ, ಮತ್ತೆ ಹುಟ್ಟುತ್ತಾರೆ. ಎಲ್ಲಿಯವರೆಗೆ? ಅದಕ್ಕೆ ಕೊನೆಯಿಲ್ಲ.

ಈ ಸಿದ್ಧಾಂತವನ್ನು ನಮ್ಮ ಊರಿನ ಮಠದಲ್ಲಿ ಎಲ್ಲರೂ ಒಪ್ಪಿದ್ದರು. ತಮ್ಮನ್ನು ಮೊದಲ ವರ್ಗದಲ್ಲಿ ಇಟ್ಟುಕೊಂಡು ಒಪ್ಪಿದ್ದರು. ತಮಸ್ಸಿನ ವರ್ಗದಲ್ಲಿ ಯಾರಿರಬಹುದು ಎಂಬ ಬಗ್ಗೆಯೂ ಅವರವರಿಗೆ ಅಂದಾಜಿತ್ತು. ಸಾಮಾನ್ಯವಾಗಿ ಅವರು ಆಯಾ ಮನೆಯ ದಾಯಾದಿಗಳು. ನಡುವಿನ ವರ್ಗ ಮಾತ್ರ ಖಾಲಿ ಬಿದ್ದಿತ್ತು. ಅಲ್ಲಿಗೆ ಸ್ವಂತ ಇಚ್ಛೆಯಿಂದ ಹೋಗಿ ಕುಳಿತ ಮೊದಲ ಮನುಷ್ಯ ನಮ್ಮ ಮಾಮಾ.

ಎದುರು ಸಾಲಿನಲ್ಲಿದ್ದ ಆಚಾರ್ಯರು ತುತ್ತು ಕೆಳಗಿಟ್ಟರು. "ರಾಯರ, ಉಣ್ಣೂ ಹೊತ್ತಿನ್ಯಾಗ ಏನ್ ಮಾತ್ರೀ ಇದು? ಯಾವ ಜೀವ ಯಾವ ವರ್ಗ ಅನ್ನೂದು ಭಗವಂತಗ ಗೊತ್ತು, ಇಲ್ಲಾ ಅವನನ್ನ ಕಂಡ ಅಪರೋಕ್ಷ ಜ್ಞಾನಿಗಳಿಗೆ ಗೊತ್ತು. ನಿಮಗ ಹೆಂಗ ಗೊತ್ತಾತು?"

"ನನಗ ಗೊತ್ತಿಲ್ಲ ಅನ್ನೂದು ನಿಮಗ ಹೆಂಗ ಗೊತ್ತಾತ್ರೀ?"

ಪಂಕ್ತಿ ನಕ್ಕಿತು. ಬಡಿಸುವವನಿಗೆ ಬೇರೆಯದೇ ಚಿಂತೆ. "ಈಗ ಇದನ್ನ ಬಡಸಲ್ಯೋ ಬ್ಯಾಡೋ, ಅದೊಂದು ಹೇಳ್ರಿ," ಎಂದ.

"ನಿತ್ಯಸಂಸಾರಿಗೆ ಸ್ವಲ್ಪ ಸುಖ ಉಂಟು ಅಂತ ಶಾಸ್ತ್ರದಾಗ ಅದ," ಎಂದರು ಮಾಮಾ. "ಎರಡು ಸೌಟು ಹಾಕು."

ಒಳಗಿನ ಹೆಂಗಸರ ಪಂಕ್ತಿಗೂ ಇದು ಕೇಳಿಸಿತು. ಅಲ್ಲಿ ಮಾಮಿ ಕುಳಿತಿದ್ದರು. ಅವರು ನಗಲಿಲ್ಲ.

ಮುಂದಿನದನ್ನು ಹೇಳುವ ಮೊದಲು ಒಂದು ಸಂಗತಿಯನ್ನು ಇಲ್ಲೇ ದಾಖಲಿಸಬೇಕು. ಮಾಮಾ ಮಾಮಿಗೆ ಬಹಳ ತಡವಾಗಿ ಒಬ್ಬಳು ಮಗಳು ಹುಟ್ಟಿದ್ದಳು. ಆ ಕೂಸಿಗೆ ತೊಟ್ಟಿಲು ಆಗುತ್ತಿರಲಿಲ್ಲ, ಹಾಸಿಗೆ ಆಗುತ್ತಿರಲಿಲ್ಲ. ಅಪ್ಪನ ಎಡಗೈಯ ಮಡಿಕೆಯಲ್ಲಿ ತಲೆ ಇಟ್ಟರೆ ಮಾತ್ರ ನಿದ್ದೆ. ಹೀಗಾಗಿ ಮಾಮಾ ಎಡಗೈಯನ್ನು ಅವಳಿಗೆ ಬಿಟ್ಟುಕೊಟ್ಟು ಸಂಸಾರವನ್ನೆಲ್ಲ ಬಲಗೈಯಲ್ಲಿ ನಡೆಸಿದ್ದರು. ಎಲೆಗೆ ಸುಣ್ಣ ಹಚ್ಚುವುದಕ್ಕೂ ಯಾರಾದರೂ ಎಲೆ ಹಿಡಿದುಕೊಡಬೇಕಾಗುತ್ತಿತ್ತು.

೧೯೫೧ರ ಆಷಾಢ ಏಕಾದಶಿಗೆ ಸ್ವಾಮಿಗಳು ಜಮಖಂಡಿಯಲ್ಲಿ ಮೊಕ್ಕಾಂ ಮಾಡಿದ್ದರು. ಅಂದು ನಮ್ಮಲ್ಲಿ ತಪ್ತಮುದ್ರೆ. ಶಂಖದ್ದು, ಚಕ್ರದ್ದು ಲೋಹದ ಅಚ್ಚುಗಳನ್ನು ಹೋಮದ ಕೆಂಡದಲ್ಲಿ ಕಾಯಿಸಿ ಸ್ವಾಮಿಗಳು ತೋಳಿಗೆ ಒತ್ತುತ್ತಾರೆ. ಗಂಡಸರು, ಹೆಂಗಸರು, ಕೈಗೂಸುಗಳು ಯಾರೂ ಬಿಡುವಂತಿಲ್ಲ. ಮಕ್ಕಳಿಗೆಂದು ಒಂದು ಸಣ್ಣ ಅಚ್ಚು ಬೇರೆಯೇ ಇರುತ್ತದೆ. ಮಾಮಾ ತಮ್ಮ ಎರಡೂ ತೋಳಿಗೆ ಹಾಕಿಸಿಕೊಂಡರು. ಮಗಳ ಸರದಿ ಬಂತು. ಮೂರು ವರ್ಷದವಳು ಕೆಂಪಗೆ ಕಾಯ್ದ ಅಚ್ಚನ್ನು ನೋಡಿ ಅಪ್ಪನ ಕುತ್ತಿಗೆಯಲ್ಲಿ ಮುಖ ಹುದುಗಿಸಿದಳು. ಮಾಮಾ, "ಕೂಸು ಇನ್ನೂ ಸಣ್ಣದದ. ಬರೂ ವರ್ಷ ಹಾಕಸೂಣು" ಎಂದು ಅವಳನ್ನು ಎತ್ತಿಕೊಂಡು ಸಾಲಿನಿಂದ ಹೊರಗೆ ಬಂದರು. ಕಾರ್ತಿಕದಲ್ಲಿ ಜ್ವರ ಬಂತು. ಅವಳಿಗೆ ಬರುವ ವರ್ಷ ಬರಲಿಲ್ಲ.

ಅಂದಿನಿಂದ ಮಾಮಾ ಮುದ್ರೆಯ ಸಾಲಿನಲ್ಲಿ ನಿಂತಿರಲಿಲ್ಲ. ಮಾಮಿ ಮಾತ್ರ ಮುದ್ರೆ ಬಿಡಲಿಲ್ಲ. ಸ್ವಾಮಿಗಳ ಮೊಕ್ಕಾಂ ಮುಧೋಳದಲ್ಲಿದ್ದರೆ ಮುಧೋಳಕ್ಕೆ, ಬೀಳಗಿಯಲ್ಲಿದ್ದರೆ ಬೀಳಗಿಗೆ ಹೋಗಿ ಹಾಕಿಸಿಕೊಂಡು ಬರುತ್ತಿದ್ದರು. ಅವರಿಗೆ ಬೇಕಾಗಿದ್ದುದು ಒಂದೇ. ಗಂಡ ಇನ್ನೊಮ್ಮೆ ಆ ಸಾಲಿನಲ್ಲಿ ನಿಲ್ಲಬೇಕು, ಹೋದ ಮೇಲೆ ಮೂವರೂ ಒಂದು ಕಡೆ ಸೇರಬೇಕು. ಈಗ ಗಂಡ ಊರಿನವರ ಮುಂದೆ, ತಾನು ಆ ಕಡೆಗೆ ಬರುವವನೇ ಅಲ್ಲ ಎಂದು ಹೇಳಿ, ಅದರ ಮೇಲೆ ಎರಡು ಸೌಟು ಹಯಗ್ರೀವ ಉಂಡಿದ್ದರು.

ಮನೆಗೆ ಬಂದ ಮೇಲೆ ಮಾಮಿ ಕೇಳಿದರು. "ನೀವು ಇಲ್ಲೇ ಸುತ್ತತಿದ್ರ ನಾ ಒಬ್ಬಾಕಿ ಅಲ್ಲಿ ಹೋಗಿ ಏನ್ ಮಾಡ್ಲಿ?"

"ಸೇವಾ ಮಾಡು. ನಿನ್ನ ಯೋಗ್ಯತಾ ದೊಡ್ಡದದ."

"ನನಗ ಬ್ಯಾಡಾಗೇದ ಆ ಯೋಗ್ಯತಾ."

"ಬ್ಯಾಡ ಅಂದ್ರ ಹೋಗೂದಿಲ್ಲ ಅದು. ಅನಾದಿ ಅದ."

ಮಾಮಿ ಎದ್ದು ಹೋಗಿ ಒಣಗಿದ ಬಟ್ಟೆ ಮಡಚಿದರು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದರು.

ದುಃಖ ಮನುಷ್ಯನನ್ನು ಮೌನಿ ಮಾಡುತ್ತದೆ ಎನ್ನುತ್ತಾರೆ. ನಮ್ಮ ಮಾಮಾನನ್ನು ಅದು ವರ್ಗೀಕರಣಕ್ಕೆ ಹಚ್ಚಿತು. ಲೋಕದಲ್ಲಿ ಕಂಡದ್ದೆಲ್ಲವನ್ನೂ ಅವರು ಮೂರು ಪಾಲು ಮಾಡತೊಡಗಿದರು. ನಾನು ಆಗ ಹುಬ್ಬಳ್ಳಿಯ ಒಂದು ಪತ್ರಿಕೆಗೆ ಜಮಖಂಡಿಯಿಂದ ಸುದ್ದಿ ಕಳಿಸುತ್ತ ಅವರ ಮನೆಯಲ್ಲೇ ಇದ್ದೆ. ಸುದ್ದಿಯಲ್ಲೂ ಮೂರು ಬಗೆಯಂತೆ: ಅಚ್ಚಾಗುವುದು, ಬುಟ್ಟಿಗೆ ಹೋಗುವುದು, "ಸ್ಥಳ ಸಿಕ್ಕರೆ ನೋಡೋಣ" ಎಂದು ಸಂಪಾದಕರ ಮೇಜಿನ ಮೇಲೆ ಉಳಿಯುವುದು. ಇದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಬೀಳಗಿಗೆ ಹೋಗುವ ಬಸ್ಸಿನಲ್ಲೂ ಮೂರು ಬಗೆ. ಊರು ಮುಟ್ಟುವುದು, ತಗ್ಗಿಗೆ ಬೀಳುವುದು, ಮತ್ತು ದಾರಿಯಲ್ಲಿ ನಿಂತು, ಹೊರಟು, ಮತ್ತೆ ನಿಲ್ಲುವುದು. ಒಮ್ಮೆ ಮೂರನೆಯ ಸಲ ನಿಂತಾಗ ಕಂಡಕ್ಟರ್ ಸಮಾಧಾನ ಹೇಳಲು ಬಂದ. "ಹೋಕ್ಕೈತ್ರೀ, ಹೋಕ್ಕೈತಿ. ಚಿಂತಿ ಮಾಡಬ್ಯಾಡ್ರಿ."

"ನನಗ ಚಿಂತಿಲ್ಲಪಾ," ಎಂದರು ಮಾಮಾ. "ನಾನೂ ಇದರ ಜಾತಿಯವನಽ."

ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ಒಂದೊಂದನ್ನೂ ಎತ್ತಿ, ತಿರುವಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮಾರುವವಳಿಗೆ ಬೇಸರ ಬಂತು. "ಏನ್ರೀ ಸಾಹೇಬರ, ಬದನಿಕಾಯಿ ತಗೋತೀರೋ, ಜಾತಕ ನೋಡಾಕತ್ತೀರೋ?"

"ಹುಳ ಹೊರಗಿಂದ ಬರೂದಲ್ಲವಾ. ಒಳಗಽ ಇರತದ."

"ಹಂಗಾರ ಹುಳಾನೂ ತೂಕಕ್ಕ ಹಾಕತೇನಿ, ತಗೊಂಡು ನಡೀರಿ."

ಅಂದು ಮನೆಗೆ ತಂದ ಬದನೆಕಾಯಿಯಲ್ಲಿ ಹುಳ ಇತ್ತು. ಮಾಮಾ ಅದನ್ನು ಮಾಮಿಗೆ ಒಂದು ಪ್ರಮಾಣದಂತೆ ತೋರಿಸಿದರು. ಮಾಮಿ ಹುಳ ಇದ್ದಷ್ಟು ಭಾಗ ಕತ್ತರಿಸಿ ಹಾಕಿ ಉಳಿದದ್ದನ್ನು ಪಲ್ಯ ಮಾಡಿದರು. ಇದು ಯಾವ ಮತದ ಸಿದ್ಧಾಂತವೋ ಆಗ ಯಾರೂ ವಿಚಾರಿಸಲಿಲ್ಲ.

ಮಾಮಾನ ವಾದಕ್ಕೆ ಕಚೇರಿಯ ಬೆಂಬಲವೂ ಇತ್ತು. ಅವರು ಸಂಸ್ಥಾನದ ಕಾಲದ ಕಾರಕೂನರು. ಸಂಸ್ಥಾನ ಮುಂಬೈ ರಾಜ್ಯದಲ್ಲಿ ವಿಲೀನವಾದಾಗ ಅವರ ಕಚೇರಿಯ ಜನರಲ್ಲಿ ಕೆಲವರು ಕಾಯಂ ಆದರು, ಕೆಲವರು ಮನೆಗೆ ಹೋದರು. ಮಾಮಾ ಹಂಗಾಮಿ ಆಗಿ ಉಳಿದರು. ಅವಧಿ ಮುಗಿಯುತ್ತಲೇ ಮತ್ತೊಂದು ಅವಧಿಗೆ ಹುಕುಂ ಬರುತ್ತಿತ್ತು. ಕಾಯಂ ಎನ್ನುತ್ತಿರಲಿಲ್ಲ, ಬೇಡ ಎಂದೂ ಅನ್ನುತ್ತಿರಲಿಲ್ಲ. "ಕಾಯಂ ಮಾಡ್ರಿ ಅಂತ ಅರ್ಜಿ ಕೊಡ್ರೀ ರಾಯರ," ಎಂದು ಜೊತೆಯವರು ಹೇಳಿದರೆ ಮಾಮಾ ತಲೆ ಅಲ್ಲಾಡಿಸುತ್ತಿದ್ದರು. "ಅರ್ಜಿ ಕೊಟ್ರ ಸ್ವರೂಪ ಬದಲಾಗೂದಿಲ್ಲ."

ಏಕಾದಶಿಗಳನ್ನು ಬಿಟ್ಟರು. ಮಾಮಿ ನೀರೂ ಮುಟ್ಟದೆ ದೇವರ ಮುಂದೆ ಕುಳಿತಿದ್ದಾಗ ಮಾಮಾ ಅಡುಗೆಮನೆಯಲ್ಲಿ ತಾವೇ ಅವಲಕ್ಕಿ ಕಲಸಿಕೊಂಡು ತಿಂದರು. "ಮಾಡಿದವರಿಗೂ ದ್ವಾದಶಿ ಬರತದ, ಮಾಡದವರಿಗೂ ಬರತದ," ಎಂದರು. ಆದರೆ ಒಗ್ಗರಣೆ ಹಾಕಿಕೊಂಡಿರಲಿಲ್ಲ, ಉಪ್ಪೂ ಹಾಕಿಕೊಂಡಿರಲಿಲ್ಲ. ಸುಖಪಡಲು ಕುಳಿತ ಮನುಷ್ಯ ಹೀಗೆ ಅವಲಕ್ಕಿ ತಿನ್ನುತ್ತಾನೆಯೇ?

ಇಂಥ ಮನುಷ್ಯನಿಗೆ ವಾದಕ್ಕೊಬ್ಬರು ಬೇಕಲ್ಲ. ರಬಕವಿಯಲ್ಲಿ ಬಣ್ಣದ ಅಂಗಡಿ ಇಟ್ಟುಕೊಂಡ ಒಬ್ಬ ಅಯ್ಯಂಗಾರ್ರು ಸಿಕ್ಕರು. ಮೈಸೂರು ಕಡೆಯಿಂದ ಬಂದು ನೇಕಾರರಿಗೆ ನೂಲಿನ ಬಣ್ಣ ಮಾರುತ್ತಿದ್ದರು, ಅಂಗಡಿಯ ಹಿಂದೆ ತಾವೂ ನೂಲು ಅದ್ದುತ್ತಿದ್ದರು. ಹಣೆಯಲ್ಲಿ ದೊಡ್ಡ ನಾಮ. ಮುಂಗೈಯವರೆಗೆ ಒಂದು ದಿನ ಕೆಂಪು, ಒಂದು ದಿನ ನೀಲಿ. ಅವರ ತೋಳಿನ ಮೇಲೂ ಶಂಖ ಚಕ್ರ ಇದ್ದವು. ಅವರ ಮತದಲ್ಲಿ ಅದನ್ನು ಜನ್ಮಕ್ಕೆ ಒಂದೇ ಸಲ ಹಾಕಿಸುತ್ತಾರೆ. ನಾವು ವರ್ಷವರ್ಷವೂ ಹಾಕಿಸಿಕೊಳ್ಳುತ್ತೇವೆ ಎಂದು ಕೇಳಿ ಅವರು, "ನಿಮ್ಮ ದೇವರಿಗೆ ಮರೆವು ಜಾಸ್ತಿಯೇನ್ರೀ?" ಎಂದಿದ್ದರು. ಅಂದಿನಿಂದ ಮಾಮಾ ಪ್ರತಿ ರವಿವಾರ ರಬಕವಿಗೆ ಹೋಗತೊಡಗಿದರು. ನಾನೂ ಹೋಗುತ್ತಿದ್ದೆ.

"ನೂಲೆಲ್ಲಾ ಒಂದೇ ರಾಯರೇ," ಎನ್ನುವರು ಅಯ್ಯಂಗಾರ್ರು. "ಕೆಂಪಿಗೆ ಅದ್ದಿದ್ರೆ ಕೆಂಪು, ನೀಲಿಗೆ ಅದ್ದಿದ್ರೆ ನೀಲಿ. ಜೀವಾನೂ ಅಷ್ಟೆ. ಎಲ್ಲಾ ಒಂದೇ ಜಾತಿ. ಕೊಳೆ ಹಿಡಿದಿದೆ, ತೊಳೆದ್ರೆ ಹೋಗುತ್ತೆ."

"ನೂಲು ಬಿಡ್ರಿ. ಸೆಣಬು ಅದ್ದಿ ನೋಡ್ರಿ."

"ಸೆಣಬೂ ಬಣ್ಣ ಹಿಡಿಯುತ್ತೆ."

"ಕಲ್ಲು?"

"ಕಲ್ಲಿಗೆ ಯಾರ್ರೀ ಬಣ್ಣ ಹಾಕ್ತಾರೆ?"

"ಅದಽ ನಾ ಹೇಳೂದು. ಯಾರೂ ಹಾಕೂದಿಲ್ಲ."

ಅಯ್ಯಂಗಾರ್ರ ಮನೆಯಲ್ಲೂ ಭೇದಗಳಿದ್ದವು. ಅವರ ಪಂಥದವರು ಜೀವ ಬೆಕ್ಕಿನ ಮರಿಯ ಹಾಗೆ ಎನ್ನುತ್ತಿದ್ದರು. ತಾಯಿಯೇ ಕಚ್ಚಿಕೊಂಡು ಹೋಗುತ್ತದೆ, ಮರಿ ಏನೂ ಮಾಡಬೇಕಾಗಿಲ್ಲ. ಅವರ ಭಾವಮೈದುನ ಇನ್ನೊಂದು ಪಂಥದವನು. ಅವನಿಗೆ ಜೀವ ಕೋತಿಯ ಮರಿಯ ಹಾಗೆ. ತಾನೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಈ ಬೆಕ್ಕು ಕೋತಿಗಳ ದೆಸೆಯಿಂದ ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂಡುತ್ತಿರಲಿಲ್ಲ. ಮಾಮಾ ಬಿಡುತ್ತಾರೆಯೇ? "ಜೀವರೆಲ್ಲಾ ಒಂದಽ ಅಂತೀರಿ, ಭಾವಮೈದುನನ ಕೂಡ ಉಣ್ಣೂದಿಲ್ಲ."

"ಜೀವ ಒಂದೇ ರಾಯರೇ. ಭಾವಮೈದುನ ಬೇರೆ."

ಇವರಿಬ್ಬರ ಜಗಳ ಸಾಲದೆಂದು ಅಯ್ಯಂಗಾರ್ರು ಒಮ್ಮೆ ನಮ್ಮನ್ನು ಬನಹಟ್ಟಿಯ ಒಬ್ಬ ಗುಜರಾತಿ ನೂಲಿನ ಸೇಠರ ಮನೆಗೆ ಕರೆದುಕೊಂಡು ಹೋದರು. ಅವರೂ ವೈಷ್ಣವರೇ, ಇನ್ನೊಂದು ಸಂಪ್ರದಾಯದವರು. ಅವರಲ್ಲೂ ಜೀವರು ಮೂರು ಬಗೆ ಎಂದು ಕೇಳಿ ಮಾಮಾನ ಮುಖ ಅರಳಿತ್ತು. ಯಾರು ಯಾವ ಬಗೆ ಎಂದು ಕೇಳಿದರೆ, ಅದು ದೇವರ ಕೃಪೆಯ ಮಾತು, ನಮ್ಮದಲ್ಲ ಎಂದರು ಸೇಠರು. ದೇವರನ್ನು ತೋರಿಸಿದರು. ಬಾಲಕೃಷ್ಣ. ಮುಂದೆ ಒಂದು ಪುಟ್ಟ ತೊಟ್ಟಿಲು, ಬುಗುರಿ, ಕಟ್ಟಿಗೆಯ ಆಕಳು. ಮಾಮಾ ಬುಗುರಿಯನ್ನೇ ನೋಡುತ್ತ, "ಎಷ್ಟು ವರ್ಷದಾಂವ?" ಎಂದು ಕೇಳಿದರು.

"ನಮ್ಮ ಮನ್ಯಾಗ ಯಾವಾಗಲೂ ಸಣ್ಣಾವಽ," ಎಂದರು ಸೇಠರು. "ಬೆಳೆಯೂದಿಲ್ಲ."

ಮಾಮಾ ಎದ್ದರು. ಬಸ್ಸಿನಲ್ಲಿ ಕುಳಿತ ಮೇಲೆ, "ಬೆಳೆಯದವರ ಮನೀಗೆ ಇನ್ನ ಹೋಗೂದು ಬ್ಯಾಡ, ಅಳ್ಯಾ," ಎಂದರು. ಆ ಬಸ್ಸು ಯಾವ ವರ್ಗದ್ದು ಎಂದು ಅಂದು ಹೇಳಲಿಲ್ಲ.

ಹೀಗೆ ಎರಡು ವರ್ಷ ನಡೆಯಿತು. ಮಾಮಾ ಗೆದ್ದ ದಿನವೂ ಮನೆಗೆ ಸೋತವರ ಹಾಗೆ ಬರುತ್ತಿದ್ದರು. ೧೯೫೫ರ ಶ್ರಾವಣದ ಒಂದು ರವಿವಾರ ಅಯ್ಯಂಗಾರ್ರು ತಾಳ್ಮೆ ಕಳೆದುಕೊಂಡರು. ಕೈ ತುಂಬ ನೀಲಿ ಬಣ್ಣ; ಹಿಂಡಿದ ನೂಲನ್ನು ಗಳಕ್ಕೆ ಹಾಕುತ್ತ ಹೇಳಿದರು. "ನಿಮ್ಮ ಸಿದ್ಧಾಂತದಲ್ಲಿ ಬಾಗಿಲೇ ಇಲ್ವಲ್ರೀ. ಹುಟ್ಟೋದಕ್ಕೆ ಮುಂಚೆಯೇ ತೀರ್ಪು. ನಮ್ಮಲ್ಲಿ ಬಾಗಿಲು ತೆಗೆದೇ ಇದೆ. ಮುದ್ರೆ ಹಾಕಿಸಿಕೊಂಡು ಒಂದು ಸಲ ಶರಣು ಅಂದ್ರೆ ಆಯ್ತು."

"ಯಾವ ಜೀವ ಆದ್ರೂ?"

"ಯಾವ ಜೀವ ಆದ್ರೂ."

"ಮುದ್ರಾ ಹಾಕಿಸಿದ್ರ?"

"ಹಾಕಿಸಿದ್ರೆ."

ಮಾಮಾ ಬಣ್ಣದ ಡಬ್ಬಿಯೊಂದರ ಮೇಲೆ ಕುಳಿತರು. ಅವರ ಮಗಳ ಸಂಗತಿ ಅಯ್ಯಂಗಾರ್ರಿಗೆ ಗೊತ್ತಿರಲಿಲ್ಲ. ಮಾಮಾ ಆಷಾಢ ಏಕಾದಶಿಯ ಆ ಸಾಲಿನ ಸಂಗತಿಯನ್ನು ಮೊದಲಿನಿಂದ ಹೇಳಿದರು. ಕೊನೆಗೆ ಅಂದರು:

"ನಿಮ್ಮ ಮಾತು ಖರೆ ಇದ್ರ, ನಾನಽ ನನ್ನ ಕೂಸನ್ನ ಆ ಬಾಗಲದಿಂದ ಎತ್ತಿಕೊಂಡು ಹೊರಗ ತಂದೀನಿ. ನಮ್ಮ ಮಾತು ಖರೆ ಇದ್ರ, ಆಕಿದು ಏನಿತ್ತೋ ಅದು ಮೊದಲಽ ಇತ್ತು. ನಾ ಎತ್ತಿಕೊಂಡು ಬಂದ್ರೂ ಅಷ್ಟಽ, ಅಲ್ಲೇ ನಿಂತಿದ್ರೂ ಅಷ್ಟಽ. ಎರಡರಾಗ ನಾ ಯಾವದು ಹಿಡೀಬೇಕು, ನೀವಽ ಹೇಳ್ರಿ."

ನೂಲಿನಿಂದ ನೀಲಿ ನೀರು ತೊಟ್ಟಿಕ್ಕುತ್ತಿತ್ತು. ಅಯ್ಯಂಗಾರ್ರು ಕೇಳಿದರು. "ಮತ್ತೆ ನೀವು ನಿತ್ಯಸಂಸಾರಿ ಅನ್ನೋದು?"

"ಆಕಿ ವರ್ಗ ಯಾವದೋ ಗೊತ್ತಿಲ್ಲ. ಮ್ಯಾಲಿಂದಿದ್ರ ಚಿಂತಿಲ್ಲ, ಮುಂದ ಅಲ್ಲಿ ಆಕಿ ಅವ್ವ ಹೋಗ್ತಾಳ. ನಡುವಿಂದಿದ್ರ? ಹುಟ್ಟಿ, ಸತ್ತು, ಹುಟ್ಟಿ, ಸತ್ತು ಇಲ್ಲೇ ತಿರಗತಿರತದ ಕೂಸು. ಇಲ್ಲೂ ಯಾರರ ಒಬ್ಬರು ಇರಬೇಕಲ್ರೀ."

ತಮಸ್ಸಿನ ವರ್ಗದ ಮಾತನ್ನು ಮಾಮಾ ಎತ್ತಲಿಲ್ಲ. ಅಯ್ಯಂಗಾರ್ರೂ ಎತ್ತಲಿಲ್ಲ. ಅವರು ಕೈ ಒರೆಸಿಕೊಂಡು ಎದುರಿಗೆ ಬಂದು ಕುಳಿತರು.

"ರಾಯರೇ, ಅವತ್ತು ನಿಮ್ಮ ತೋಳಿಗೆ ಮುದ್ರೆ ಬಿದ್ದಿತ್ತು ಅಲ್ವೇ?"

"ಬಿದ್ದಿತ್ತು. ಇನ್ನೂ ಉರೀಲಿಕ್ಕತ್ತಿತ್ತು."

"ಮಗು ಆ ತೋಳಿನ ಮೇಲೇ ಇತ್ತು ಅಲ್ವೇ?"

"ಇತ್ತು."

"ವೈಷ್ಣವನ ಆಸರೆಯಲ್ಲಿದ್ದ ಹಸು, ಹಕ್ಕಿ ಕೂಡ ಅವನು ಹೋದಲ್ಲಿಗೆ ಹೋಗುತ್ತೆ ಅಂತ ನಮ್ಮ ಹಿರಿಯರು ಹೇಳ್ತಾರೆ. ಮುದ್ರೆ ಇದ್ದ ತೋಳಿನ ಮೇಲೆ ಮಲಗಿದ ಮಗುವಿಗೆ ಬೇರೆ ಮುದ್ರೆ ಯಾತಕ್ಕೆ? ನೀವು ಅದನ್ನ ಬಾಗಿಲಿಂದ ಹೊರಗೆ ತರಲಿಲ್ಲ. ಬಾಗಿಲನ್ನೇ ಹೊತ್ಕೊಂಡು ಬಂದ್ರಿ."

ಮಾಮಾ ತಮ್ಮ ಎಡಗೈಯ ಮಡಿಕೆಯನ್ನು ನೋಡಿಕೊಂಡರು.

"ಇದು ನಿಮ್ಮ ಮತ," ಎಂದರು.

"ಹೌದು."

"ನಮ್ಮದಲ್ಲ."

"ಅಲ್ಲ," ಎಂದರು ಅಯ್ಯಂಗಾರ್ರು. ಆ ಒಂದು ವಿಷಯದಲ್ಲಿ ಅವರಿಬ್ಬರೂ ಮೊದಲ ಸಲ ಒಪ್ಪಿದರು. ಮಾಮಾ ಮುಂದಿನ ರವಿವಾರದಿಂದ ರಬಕವಿಗೆ ಹೋಗುವುದನ್ನು ಬಿಟ್ಟರು. ಸಮಾಧಾನ ಬೇರೆಯವರ ಮನೆಯದು ಎಂದು ಗೊತ್ತಾದ ಮೇಲೆ ಅಲ್ಲಿಗೆ ಹೋಗಿ ಕೂಡುವುದು ಅವರಿಗೆ ಸರಿ ಕಾಣಲಿಲ್ಲವೋ ಏನೋ. ಬದನೆಕಾಯಿಯನ್ನು ನೋಡದೆ ತರತೊಡಗಿದರು. ಮಾಮಿಗೆ ಇದು ಇನ್ನಷ್ಟು ಭಯ ಹುಟ್ಟಿಸಿತು.

೧೯೫೬ರ ಆಷಾಢದಲ್ಲಿ ಸ್ವಾಮಿಗಳು ಮತ್ತೆ ಜಮಖಂಡಿಗೆ ಬಂದರು. ಏಕಾದಶಿಯ ಬೆಳಿಗ್ಗೆ ಮಾಮಿ ಗಂಡನನ್ನು ಏನೂ ಕೇಳಲಿಲ್ಲ. ಕೇಳಿ ಕೇಳಿ ಮುಗಿದಿತ್ತು. ಮಡಿ ಉಟ್ಟು ಮಠಕ್ಕೆ ಹೊರಟರು. ಹಿಂದೆ ಬಾಗಿಲಿನ ಚಿಲಕ ಹಾಕಿದ ಸದ್ದಾಯಿತು. ತಿರುಗಿ ನೋಡಿದರೆ ಮಾಮಾ ಪಂಚೆ ಉಟ್ಟು ಮೈಮೇಲೆ ಶಲ್ಯ ಹೊದ್ದು ಬರುತ್ತಿದ್ದರು. ಅವಲಕ್ಕಿ ತಿಂದಿರಲಿಲ್ಲ.

ಗಂಡಸರ ಸಾಲು ಉದ್ದ ಇತ್ತು. ಮಾಮಾನನ್ನು ಕಂಡು ಆಚಾರ್ಯರು, "ಏನ್ರೀ ರಾಯರ, ವರ್ಗಾ ಆತೇನು?" ಎಂದರು. ಮಾಮಾ ಶಲ್ಯ ಸರಿಮಾಡಿಕೊಂಡು ಸಾಲಿನ ಕೊನೆಗೆ ನಿಂತರು. ಸರದಿ ಬಂದಾಗ ಕೈ ಮುಗಿದು ಸ್ವಾಮಿಗಳನ್ನೇ ಕೇಳಿದರು.

"ಗುರುಗಳ, ಮುದ್ರಾ ಹಾಕಿದ್ರ ನಿತ್ಯಸಂಸಾರಿಗೆ ಏನಾಗ್ತದ?"

"ಸುಡತದ," ಎಂದರು ಸ್ವಾಮಿಗಳು.

"ಮುಕ್ತಿಯೋಗ್ಯನಿಗೆ?"

"ಅವನಿಗೂ ಸುಡತದ."

ಮಾಮಾ ತಲೆಯಾಡಿಸಿ ಎಡಗೈ ಚಾಚಿದರು. ತೋಳನ್ನಲ್ಲ, ಮೊಣಕೈಯ ಒಳಮಡಿಕೆಯನ್ನು. ಕೆಂಡದ ಹತ್ತಿರ ಇದ್ದ ಶಿಷ್ಯ ತಡೆದ. "ಅಲ್ಲಿ ಹಾಕೂದಿಲ್ರೀ. ಚರ್ಮ ತೆಳುವದ, ಮಡಚೂ ಜಾಗಾ. ಲಗೂ ಮಾಯೂದಿಲ್ಲ."

"ಗೊತ್ತದ," ಎಂದರು ಮಾಮಾ.

ಸ್ವಾಮಿಗಳು ಅವರ ಮುಖ ನೋಡಿದರು. ಆಚೆ ಹೆಂಗಸರ ಸಾಲಿನಲ್ಲಿ ನಿಂತಿದ್ದ ಮಾಮಿಯನ್ನು ನೋಡಿದರು. ಕೈಯಲ್ಲಿದ್ದ ಅಚ್ಚನ್ನು ಕೆಳಗಿಟ್ಟು ಮಕ್ಕಳಿಗೆ ಹಾಕುವ ಸಣ್ಣ ಶಂಖವನ್ನು ಎತ್ತಿಕೊಂಡರು.

ಗಾಯ ಬೇಗ ಮಾಯಲಿಲ್ಲ. ಮಡಚಿದರೆ ಒತ್ತುತ್ತಿತ್ತು, ಚಾಚಿದರೆ ಜಗ್ಗುತ್ತಿತ್ತು. ಮಾಮಾ ಎಡಗೈಯನ್ನು ಎದೆಯ ಮುಂದೆ ಅರ್ಧ ಮಡಚಿ ಹಿಡಿದುಕೊಂಡೇ ಕಚೇರಿಗೆ ಹೋದರು, ಸಂತೆಗೆ ಹೋದರು. ಎಲೆಗೆ ಸುಣ್ಣ ಹಚ್ಚುವಾಗ ಮಾಮಿ ಎಲೆ ಹಿಡಿದುಕೊಟ್ಟರು. ನವೆಂಬರ್ ಒಂದರಂದು ಜಮಖಂಡಿ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಮಾಮಾ ಅಲ್ಲಿಯೂ ಹಂಗಾಮಿ. ನಿತ್ಯಸಂಸಾರಿ ಎಂಬ ಪ್ರಕಟಣೆಯನ್ನು ಅವರು ಹಿಂದೆ ತೆಗೆದುಕೊಂಡಿಲ್ಲ.

ಹೋದ ತಿಂಗಳು ಜಮಖಂಡಿಗೆ ಹೋಗಿದ್ದೆ. ಗಾಯ ಪೂರ್ತಿ ಮಾಯ್ದಿದೆ. ಎಡಗೈಯನ್ನು ಮಾಮಾ ಇನ್ನೂ ಹಾಗೆಯೇ ಹಿಡಿದಿದ್ದಾರೆ.